ಮಲ್ಲಯ್ಯನ ಗುಡ್ಡಕ್ಕ ಉಡಿ ಹೊತಗೊಂಡು ಹೋಗಿದ್ದು

ಹೋದ ಸಲ ಮಾದಲಿ ಮಾಡೂದು ಬರದಿದ್ದೆ, ಲಕ್ಷ್ಮೇಶ್ವರದ ದೊಡ್ಡವ್ವ ಫೋನ್ ಮಾಡಿ "ಬೆಲ್ಲಾ ಕಡಿಮಿ ಹೇಳಿಯಲ್ಲ ನಮ್ಮವ್ವಾ" ಅಂತ ಬೈದ್ಲು. ಈ ಸಲ ಅಡಗಿ ಇಲ್ಲ. 2024ರ ಯುಗಾದಿ ಮುಂದ ನಾನು, ನಮ್ಮ ನೆಗೆಣ್ಣಿ ಅಡವಿ ಹಾದಿ ಹಿಡದು ಶ್ರೀಶೈಲಕ್ಕ ನಡದು ಹೋಗಿ ಬಂದ್ವಿ. ಬಂದಾಗಿಂದ ಎಲ್ಲಾರೂ ಕೇಳೂದೇ ಕೇಳೂದು, ಏನೇನ್ ಒಯ್ದಿದ್ದಿ, ಎಲ್ಲಿ ಮಲಗಿದ್ರಿ, ಹುಲಿ ಕಂಡಿತೇನು ಅಂತ. ಹುಲಿ ಕಾಣ್ಲಿಲ್ಲ. ಉಳಿದದ್ದೆಲ್ಲಾ ಬರೀತೀನಿ. ಒಂದು ವಿಷಯ ಬರೀಬೇಕೋ ಬ್ಯಾಡೋ ಅಂತ ಎರಡು ತಿಂಗಳು ತಡದೆ. ನಮ್ಮ ನಮ್ಮ ಹೆಣಮಕ್ಕಳೇ ಓದೂದು, ನಿಮ್ಮ ಮುಂದ ಹೇಳಲಾರದ್ದು ಯಾರ ಮುಂದ ಹೇಳಲಿ ಅಂತ ಈಗ ಕುಂತೀನಿ.

ಹರಕಿ ನನ್ನದಲ್ಲ, ನಮ್ಮ ಅತ್ತೀದು. ಹದಿನೈದು ವರ್ಷದ ಹಿಂದ ನಮ್ಮ ಮನಿಯವರಿಗೆ ಕಾಮಾಣಿ ಆಗಿ ಹುಬ್ಬಳ್ಳಿ ದವಾಖಾನ್ಯಾಗ ಹನ್ನೊಂದು ದಿವಸ ಇದ್ದದ್ದು ನಿಮಗೆಲ್ಲಾ ಗೊತ್ತೈತಿ. ಆಗ ಅತ್ತಿ, "ಮಗ ಎದ್ದು ಕುಂತರ ನಡಕೋತ ಬಂದು ಭ್ರಮರಾಂಬಾಗ ಉಡಿ ತುಂಬತೀನಿ" ಅಂತ ಮಲ್ಲಯ್ಯನ ಮುಂದ ಬೇಡಿಕೊಂಡಿದ್ಲು. ಮಗ ಎದ್ದು ಕುಂತ. ಆಕಿ ಮೊಣಕಾಲು ಹೋದ್ವು. ವರ್ಷಾ ಯುಗಾದಿ ಬಂತಂದ್ರ ಆಕಿ ಮಾರಿ ಸಣ್ಣ ಆಗತಿತ್ತು. ಕಂಬಿ ಹೊತ್ತ ಮಂದಿ ನಮ್ಮ ಓಣಿ ಹಾದು ಹೋದ್ರ ಬಾಗಲಾ ಹಿಡಕೊಂಡು ನಿಂತು ಕಾಲಿಗೆ ನೀರು ಹಾಕಿ, ಒಳಗ ಬಂದು ಸುಮ್ಮನ ಕುಂದ್ರತಿದ್ಲು. ಕಡೀಕ ಒಂದಿನ ನಾನೇ ಅಂದೆ: "ಅತ್ತೀ, ನಾ ಹೋಗಿ ಬರ್ತೀನಿ ತಗೋರಿ." ಆಕಿ ನನ್ನ ಕಾಲು ನೋಡಿದ್ಲು, ಆಮ್ಯಾಲ ಹೊಟ್ಟಿ ನೋಡಿದ್ಲು. ಯಾಕ ನೋಡಿದ್ಲು ಅಂತ ನಾ ಹೇಳೂದು ಬ್ಯಾಡ.

ನಮ್ಮ ಕಡೆ ಮಂದಿಗೆ ಶ್ರೀಶೈಲ ಅಂದ್ರ ಬರೇ ದೇವರ ಗುಡಿ ಅಲ್ಲ, ಬೀಗರ ಮನಿ ಇದ್ದಂಗ. ಭ್ರಮರಾಂಬಾ ಕನ್ನಡದ ಮಗಳು, ಮಲ್ಲಯ್ಯ ನಮ್ಮ ಅಳಿಯ ಅಂತ ಹಿರ್ಯಾರು ಮೊದಲಿಂದ ಹೇಳಕೋತ ಬಂದಾರ. ಹಬ್ಬಕ್ಕ ಮಗಳ ಮನಿಗೆ ಸೀರಿ ಕುಬಸ ಒಯ್ಯೂದು ನಮ್ಮ ಪದ್ಧತಿ ಇಲ್ಲೇನು? ಅದಕ್ಕ ಯುಗಾದಿ ಮುಂದ ಬಾಗಲಕೋಟಿ, ವಿಜಾಪುರ, ಬೆಳಗಾವಿ, ರಾಯಚೂರು, ನಮ್ಮ ಗದಗ, ಎಲ್ಲಾ ಕಡೆಯಿಂದ ಲಕ್ಷಗಟ್ಟಲೆ ಮಂದಿ ಹೊಂಡತಾರ. ಹೆಗಲ ಮ್ಯಾಲ ಕಂಬಿ, ಬರಿಗಾಲು. ಕೆಲವರು ಮರಗಾಲು ಕಟ್ಟಿಕೊಂಡು ನಡೀತಾರ, ನಾ ಕಣ್ಣಾರೆ ನೋಡೀನಿ. ಎರಡು ಕಾಲ ಮ್ಯಾಲ ನಡೀಲಿಕ್ಕೇ ನಾವು ಹುಶ್ ಅಂತೀವಿ.

ಖರೇ ಹೇಳತೀನಿ, ನಾವು ಗದಗದಿಂದ ನಡದಿಲ್ಲ. ಕಂಬಿಯವರು ಎರಡು ವಾರ ಮೊದಲೇ ಹೊಂಟ್ರು. ನಾವು ಹದಿಮೂರು ಮಂದಿ ಹೆಣಮಕ್ಕಳು ಒಂದು ಟೆಂಪೋ ಮಾಡಿಕೊಂಡು ಕೊಪ್ಪಳ, ಹೊಸಪೇಟಿ, ಬಳ್ಳಾರಿ ಮ್ಯಾಲ ಕರ್ನೂಲ್ ದಾಟಿ ಆತ್ಮಕೂರಿಗೆ ಹೋಗಿ ಇಳದ್ವಿ. ಈಗ ಅದು ನಂದ್ಯಾಲ ಜಿಲ್ಲಾ. ಅಲ್ಲಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. ಇದು ನಲ್ಲಮಲದ ಅಡವಿ ಹಾದಿ. ಹುಲಿ ಕಾಯ್ದಿಟ್ಟ ಅಡವಿ ಅದು, ವರ್ಷಪೂರ್ತಿ ಬಿಡೂದಿಲ್ಲ. ಶಿವರಾತ್ರಿಗೆ, ಯುಗಾದಿಗೆ ಅಷ್ಟ ತೆರೀತಾರ. ನಾವು ಎರಡು ರಾತ್ರಿ ಅಡವ್ಯಾಗ ಮಲಗಿ ಮೂರನೇ ದಿವಸ ಗುಡ್ಡ ಮುಟ್ಟಿದ್ವಿ. ಗಟ್ಟಿಮುಟ್ಟು ಹುಡುಗರು ಇದಕ್ಕಿಂತ ಲಗೂ ಹೋಗತಾರ.

ತಯಾರಿ ಬಗ್ಗೆ ಹೇಳತೀನಿ, ಮುಂದ ಹೋಗೋರಿಗೆ ಬೇಕಾಗತೈತಿ. ಶಿವರಾತ್ರಿ ಆದ ಮರುದಿನದಿಂದ ದಿನಾ ಬೆಳಗ್ಗೆ ಭೀಷ್ಮ ಕೆರಿ ಸುತ್ತ ನಡದ್ವಿ. ಸಪಾಟ ನೆಲದ ಮ್ಯಾಲ ನಡದು ಏನೂ ಉಪಯೋಗ ಇಲ್ಲ ಅಂತ ನಾಕು ದಿವಸದಾಗ ತಿಳೀತು. ಆಮ್ಯಾಲ ಎರಡು ಐತವಾರ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಿದ್ವಿ. ಅಲ್ಲೂ ಮಲ್ಲಯ್ಯನೇ ಅದಾನ, ಕಪ್ಪತ ಮಲ್ಲೇಶ್ವರ. ಗುಡ್ಡದಾಗ ಗಾಳಿ ಭಾಳ, ನಮ್ಮ ನೆಗೆಣ್ಣಿ ಸೆರಗು ಹಾರಿ ಕಂಟ್ಯಾಗ ಸಿಕ್ಕೊಂಡು ಹರೀತು. ಅದಕ್ಕ ಅಡವಿಗೆ ಚೂಡಿದಾರ ಹಾಕ್ಕೋಬೇಕು ಅಂತ ಅಲ್ಲೇ ಠರಾವ್ ಆತು. ನಲವತ್ನಾಕು ವಯಸ್ಸಿಗೆ ನಾ ಮೊದಲನೇ ಸಲ ಚೂಡಿದಾರ ಹಾಕ್ಕೊಂಡು ಅತ್ತಿ ಮುಂದ ನಿಂತೆ. ಆಕಿ "ಚೊಲೋ ಕಾಣತೈತಿ, ಸುಮ್ಮನಿರು" ಅಂದ್ಲು.

ಚೀಲ ಮಗಂದು, ಕಾಲೇಜಿಗೆ ಒಯ್ಯೂದು. ಐದು ಕೆಜಿ ಮ್ಯಾಲ ಹೊರಬ್ಯಾಡ್ರಿ, ಒಂದೊಂದು ಉತ್ತತ್ತಿನೂ ಏರಿನ್ಯಾಗ ಕಲ್ಲಾಗತೈತಿ. ಕೌದಿ ಒಯ್ಯಬ್ಯಾಡ್ರಿ, ನಾ ಒಯ್ದು ಕೆಟ್ಟೆ. ಅಲ್ಲಿ ಏಪ್ರಿಲ್‍ನ್ಯಾಗ ಹೊತಗೊಳ್ಳೂದು ಬ್ಯಾಡೇ ಬ್ಯಾಡ, ಹಾಸಲಿಕ್ಕೆ ಒಂದು ತಾಡಪತ್ರಿ ತುಂಡು, ಮ್ಯಾಲ ಹಳೀ ಕಾಟನ್ ಸೀರಿ ಸಾಕು. ಕಡಕ್ ಸಜ್ಜಿ ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಉಂಡಿ ಒಯ್ದಿದ್ವಿ. ಹಾದಿಗುಂಟ ನಮ್ಮ ಕರ್ನಾಟಕದ ಮಂದೀನೇ ಟ್ರ್ಯಾಕ್ಟರಿನ್ಯಾಗ ರೊಟ್ಟಿ, ಪಲ್ಯಾ, ಮಜ್ಜಿಗಿ ತಂದು ದಾಸೋಹ ನಡಸತಾರ, ಹಸ್ಕೊಂಡು ಯಾರೂ ಇರೂದಿಲ್ಲ. ಆದರ ಕಣಕಾಲು ಹಿಡಿದಾಗ ದಾಸೋಹ ಇನ್ನೂ ಎರಡು ತಾಸು ದೂರ ಇರತೈತಿ. ಅದಕ್ಕ ಉಪ್ಪು, ಸಕ್ಕರಿ, ಲಿಂಬಿಹಣ್ಣು ಕೈಗೆ ಸಿಗೂಹಂಗ ಮ್ಯಾಲೆ ಇಟ್ಕೋರಿ. ರಾತ್ರಿ ಹಿಮ್ಮಡಕ್ಕ ಔಡಲ ಎಣ್ಣಿ ತಿಕ್ಕಿ ಕಾಲಚೀಲ ಹಾಕ್ಕೊಂಡು ಮಲಗಿದ್ರ ಬೊಬ್ಬಿ ಕಡಿಮಿ ಏಳತಾವು.

ನನ್ನ ಚೀಲದ ಜೋಡಿ ಇನ್ನೊಂದು ಗಂಟಿತ್ತು, ಅತ್ತಿ ಕಟ್ಟಿಕೊಟ್ಟಿದ್ದು. ಬೆಟಗೇರಿ ಮಗ್ಗದ ಹಸರು ಸೀರಿ, ಕೆಂಪು ದಡಿ. ಗುಳೇದಗುಡ್ಡ ಖಣ, ಹಸರು ಬಳಿ, ಕೊಬ್ಬರಿ ಬಟ್ಟಲಾ, ಉತ್ತತ್ತಿ, ಅರಿಷಿಣ ಕೊಂಬು, ಅಕ್ಕಿ. ಬಿಳಿ ಪಂಜೆದಾಗ ಗಂಟು ಹಾಕಿ, ನನ್ನ ಕೈಯಾಗ ಇಡೂಮುಂದ, "ಮಡೀಲೇ ಒಯ್ಯಿ ಯವ್ವಾ" ಅಂದ್ಲು. ನಾ ಹೂಂ ಅಂದೆ. ತಾರೀಖು ನನಗೂ ಗೊತ್ತಿತ್ತು. ಲೆಕ್ಕಾ ಹಿಡದ್ರ ನಾವು ತಿರುಗಿ ಬಂದು ಮೂರನೇ ದಿವಸಕ್ಕ. ಆದರ ಈ ವಯಸ್ಸಿನ್ಯಾಗ ಲೆಕ್ಕಾ ಎಲ್ಲಿ ಕೂಡತಾವು? ಮುಂದೂಡೋ ಗುಳಿಗಿ ಕೇಳಿದ್ದಕ್ಕ ಡಾಕ್ಟರ್ ಬಾಯಾರು "ನಿಮಗ ಬಿ.ಪಿ. ಐತಿ, ಬ್ಯಾಡ" ಅಂತ ಖಡಾಖಂಡಿತ ಹೇಳಿದ್ರು. ಸುಮ್ಮನಾದೆ.

ಮೊದಲನೇ ದಿವಸ ಹಾದಿ ಸುಗಮ. ಎಲಿ ಉದುರಿದ ತೇಗಿನ ಗಿಡ, ಬಿದರು, ಕೆಂಪು ಧೂಳಿ. ಗಿಡ ಇದ್ರೂ ನೆರಳಿಲ್ಲ, ಅದೊಂದು ಮೋಸ. ಬೆಳಗ್ಗೆ ನಾಕಕ್ಕ ಎದ್ದು ಹತ್ತರ ತನಕ ನಡಿಯೂದು, ಮಧ್ಯಾಹ್ನ ಪೆಂಡಾಲದಾಗ ಬೀಳೂದು, ನಾಕಕ್ಕ ಮತ್ತ ಹೊಂಡೂದು. ನಾಗಲೂಟಿಯೊಳಗ ಹಳೀ ವೀರಭದ್ರನ ಗುಡಿ ಐತಿ. ಅದರ ಸುತ್ತ ಸಾವಿರಾರು ಮಂದಿ, ಗಿಡದ ಬುಡಕ ಒಂದೊಂದು ಊರು. ಇಲ್ಲಿ ಮುಧೋಳ, ಅಲ್ಲಿ ಇಳಕಲ್ಲು, ಆ ಕಡೆ ಶಿರಹಟ್ಟಿ. ಶಾಮಿಯಾನದ ಕೆಳಗ ನಮ್ಮ ತಾಡಪತ್ರಿ ಹಾಸಿ ಚೀಲಾ ತಲಿಕೆಳಗ ಇಟ್ಟು ಮಲಗಿದ್ವಿ. ನಿದ್ದಿ ಎಲ್ಲಿ ಬರಬೇಕು, ಬಾಜೂಕ ಒಬ್ಬಾಕಿ ಗೊರಕಿ, ಇನ್ನೊಂದು ಕಡೆ ಭಜನಿ.

ಅಲ್ಲೇ ಮುಂಡರಗಿ ಕಡೀ ಒಬ್ಬ ಆಯಿ ಸಿಕ್ಲು. ಅರವತ್ತೆಂಟೋ ಎಪ್ಪತ್ತೋ, ಆಕಿಗೇ ಗೊತ್ತಿಲ್ಲ. ಒಂಬತ್ತನೇ ಸಲ ಬಂದೀನಿ ಅಂದ್ಲು. ಕೈಯಾಗ ಒಂದು ಬಡಗಿ, ಹೆಗಲಿಗೆ ಒಂದು ಕೈಚೀಲ, ಮುಗೀತು. ನನ್ನ ಕೌದಿ ನೋಡಿ, "ಇದೇನ ಯವ್ವಾ, ಬಾಣಂತಿ ಮನಿಗೆ ಹೊಂಟೀಯೇನು?" ಅಂತ ನಕ್ಕಳು. ಅಲ್ಲಿಂದ ಆಕಿ ನಮ್ಮ ಜೋಡೀನೇ ಬಂದ್ಲು.

ನಾಗಲೂಟಿ ದಾಟಿದ ಮ್ಯಾಲ ಏರು. ಕಲ್ಲಿನ ಮೆಟ್ಟಲಾ, ಸವದು ಸವದು ಮಜ್ಜಿಗಿ ಕಡಿಯೋ ಕಲ್ಲಿನಂಗ ನುಣುಪಾಗ್ಯಾವು. 14ನೇ ಶತಮಾನದಾಗ ಪ್ರೋಲಯ ವೇಮಾರೆಡ್ಡಿ ಅಂತ ರಾಜಾ ಶ್ರೀಶೈಲಕ್ಕ ಮೆಟ್ಟಲಾ ಕಟ್ಟಿಸಿದ್ದ ಅಂತ ಓದಿದ್ದೆ. ಅದಕ್ಕಿಂತ ಇನ್ನೂರು ವರ್ಷ ಮೊದಲ ಉಡುತಡಿ ಅಕ್ಕ ಶ್ರೀಶೈಲಕ್ಕ ಬಂದಾಗ ಆ ಮೆಟ್ಟಲಾನೂ ಇರಲಿಲ್ಲ. ಕಲ್ಯಾಣದಿಂದ ಒಬ್ಬಾಕಿ ಹೆಣಮಗಳು, ಜೋಡಿ ಟೆಂಪೋ ಇಲ್ಲ, ದಾಸೋಹ ಇಲ್ಲ. ಆಕಿ ಹ್ಯಾಂಗ ಬಂದ್ಲು ಅಂತ ಮೆಟ್ಟಲಾ ಹತ್ತುಮುಂದ ಪ್ರತಿಯೊಬ್ಬಾಕಿಗೂ ಒಮ್ಮೆ ನೆನಪಾಗತೈತಿ.

ಪೆದ್ದಚೆರುವು ಅಂದ್ರ ನಮ್ಮ ಭಾಷಾದಾಗ ದೊಡ್ಡ ಕೆರಿ. ಚೆಂಚು ಮಂದಿ ಗುಡಿಸಲಾ ಅದಾವು. ಸಂಜೀಕ ಮುಟ್ಟಿದ್ವಿ, ಕೆರ್‍ಯಾಗ ತಾವರಿ ಎಲಿ, ದಂಡಿಗೆ ಜನಾ. ಕಾಲು ನೀರಿನ್ಯಾಗ ಬಿಟ್ಟಾಗ ನೆಗೆಣ್ಣಿ ಅತ್ತೇಬಿಟ್ಲು, ಅಷ್ಟು ಹಿತ ಆತು.

ಬೆಳಗಿನ ಮೂರೂವರಿಗೆ ನನಗ ಎಚ್ಚರ ಆತು. ಹೊಟ್ಟಿ ಕೆಳಗ ಹಿಡದಂಗ. ಬ್ಯಾಟ್ರಿ ತಗೊಂಡು ಕಂಟಿ ಮರಿಗೆ ಹೋದೆ. ಹೊರಗಾಗಿದ್ದೆ.

ನಿಮಗ ಹೇಳಬೇಕಂದ್ರ, ಮೊದಲು ಬಂದಿದ್ದು ನಾಚಿಕಿ ಅಲ್ಲ, ದುಃಖ ಅಲ್ಲ, ಸಿಟ್ಟು. ಹದಿನೈದು ವರ್ಷ ಕಾದ ಹರಕಿ, ಒಂದು ದಿವಸ ಉಳದೈತಿ. ಹಿಂದ ಹೋಗಬೇಕಂದ್ರ ಎರಡು ದಿವಸದ ಅಡವಿ, ಮುಂದ ಹೋದ್ರ ಅರ್ಧಾ ದಿವಸದ್ದು. ಫೋನಿಗೆ ನೆಟ್‍ವರ್ಕ್ ಇಲ್ಲ, ಇದ್ರೂ ಅತ್ತಿಗೆ ಏನಂತ ಹೇಳಲಿ?

ಬೆಳಕು ಹರಿಯೂಮುಂದ ನೆಗೆಣ್ಣಿಗೆ ಹೇಳಿದೆ. ಆಕಿ ಮಾರಿ ಬಿಳಿಚಿಕೊಂಡಿತು. "ಅಕ್ಕಾ, ಉಡಿ ಗಂಟು ನನ್ನ ಕೈಯಾಗ ಕೊಟ್ಟುಬಿಡ್ರಿ. ನೀವು ಮುಟ್ಟಬ್ಯಾಡ್ರಿ. ನಾಳೆ ಮನ್ಯಾಗ ಯಾರಿಗರೆ ಏನರೆ ಆದ್ರ ಇದಕ್ಕೇ ಹಚ್ಚತಾರ" ಅಂದ್ಲು. ಆಕಿ ಅಂದಿದ್ದು ಕೆಟ್ಟ ಮನಸಿಲೆ ಅಲ್ಲ. ಆಕಿ ಮಗಳಿಗೆ ಹೋದ ವರ್ಷ ಡೆಂಗಿ ಆಗಿತ್ತು, ಅಂಜಿಕಿ ಇನ್ನೂ ಹೋಗಿಲ್ಲ. ನಾ ಸುಮ್ಮನ ಗಂಟು ಕೊಟ್ಟೆ. ಕೊಟ್ಟ ಮ್ಯಾಲ ಬೆನ್ನು ಹಗುರಾತು, ಎದಿ ಭಾರಾತು.

ಮುಂಡರಗಿ ಆಯಿ ಕಟ್ಟಿಗಿ ಮ್ಯಾಲ ಕುಂತು ಚಾ ಕುಡೀತಿದ್ಲು, ಎಲ್ಲಾ ಕೇಳಿಸಿಕೊಂಡಿದ್ಲು. "ತವರುಮನಿಯವರು ಉಡಿ ತಂದಾರ ಅಂದ್ರ, ನೀ ಹೊರಗಾಗಿ ಏನು ಅಂತ ಕೇಳಿ ಮಗಳು ಬಾಗಲಾ ಹಾಕ್ಕೋತಾಳೇನು?" ಅಂದ್ಲು. ನೆಗೆಣ್ಣಿ, "ಆಯೀ, ದೇವರ ವಿಷಯ ಬ್ಯಾರೆ" ಅಂದ್ಲು. ಆಯಿ, "ಹಂಗಾರ ಮಗಳು ಅನಬ್ಯಾಡ್ರಿ ಮತ್ತ" ಅಂತ ಹೇಳಿ ಚಾ ಕಪ್ಪು ಕೆಳಗ ಇಟ್ಲು. ಅಷ್ಟ. ಮುಂದ ಆಕಿ ಆ ಮಾತು ತಗೀಲಿಲ್ಲ.

ಹಾದ್ಯಾಗ ನಾನು ಅದನ್ನೇ ತಿರುವಿ ತಿರುವಿ ಹಾಕಿದೆ. ನಮ್ಮ ಕೊರಳಾಗ ಲಿಂಗ ಐತಿ. ಹುಟ್ಟು, ಸಾವು, ಮುಟ್ಟು, ಎಂಜಲಾ, ಜಾತಿ, ಈ ಐದು ಸೂತಕ ಲಿಂಗಾ ಕಟ್ಟಿಕೊಂಡೋರಿಗೆ ಇಲ್ಲ ಅಂತ ಶರಣರು ಹನ್ನೆರಡನೇ ಶತಮಾನದಾಗ ಹೇಳಿ ಮುಗಿಸ್ಯಾರ. ಶ್ರಾವಣದಾಗ ಪುರಾಣ ಹಚ್ಚಿದಾಗ ಅತ್ತೀನೂ ಕುಂತು ಕೇಳತಾಳ, ತಲಿ ಅಲ್ಲಾಡಸತಾಳ. ಮನಿಗೆ ಬಂದು ನಾಕು ದಿವಸ ನನಗ ಬ್ಯಾರೆ ಚಾಪಿ. ನಾನೂ ನನ್ನ ಮಗಳಿಗೆ ಹಂಗೇ ಮಾಡೀನಿ, ಸುಳ್ಳು ಯಾಕ ಹೇಳಲಿ. ಕೇಳೂದು ಒಂದು ಕಿವಿ, ಮಾಡೂದು ಇನ್ನೊಂದು ಕೈ.

ಇನ್ನ ಉಪಯೋಗಕ್ಕ ಬೀಳೋ ಮಾತು. ಹೊಂಡೂಮುಂದ ತಾರೀಖು ಇರಲಿ ಬಿಡಲಿ, ಪ್ಯಾಡ್ ಒಂದು ಪಾಕೀಟು ಒಯ್ಯಿರಿ. ಹಳೀ ಬಟ್ಟಿ ಅಲ್ಲಿ ನಡಿಯೂದಿಲ್ಲ, ಒಗಿಯಾಕ ನೀರೆಲ್ಲಿ? ಟ್ಯಾಂಕರ್ ನೀರು ಕುಡಿಯಾಕ. ಕೆರಿ ನೀರು ಚೆಂಚು ಮಂದೀದೂ ದನಗೋಳ್ದೂ. ಬಳಸಿದ್ದನ್ನ ಪೇಪರಿನ್ಯಾಗ ಸುತ್ತಿ, ಬ್ಯಾರೆ ಕ್ಯಾರಿಬ್ಯಾಗಿನ್ಯಾಗ ಹಾಕಿ, ಗುಡ್ಡ ಮುಟ್ಟೂತನಕ ನಿಮ್ಮ ಚೀಲದಾಗ ಇಟ್ಕೋರಿ. ಅಡವ್ಯಾಗ ಒಗದ್ರ ಕರಡಿ ಮಂಗ್ಯಾ ಎಳದಾಡತಾವು. ಮರಿಗೆ ಹೋಗುಮುಂದ ಇಬ್ಬರು ಸೀರಿ ಹಿಡದು ನಿಂದ್ರಬೇಕು, ಒಬ್ಬಾಕೀನೇ ದೂರ ಹೋಗಬ್ಯಾಡ್ರಿ. ಲಕ್ಷಗಟ್ಟಲೆ ಹೆಣಮಕ್ಕಳು ಗಂಡಮಕ್ಕಳು ನಡಿಯೋ ಹಾದ್ಯಾಗ ನನ್ನಂಗ ಅವತ್ತು ಎಷ್ಟು ಮಂದಿ ಇದ್ದಿರಬೇಕು? ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟ.

ಭೀಮನ ಕೊಳ್ಳ ನೋಡಿದೋರಿಗೆ ಗೊತ್ತು. ಮೊದಲು ಕೊಳ್ಳದ ಒಳಗ ಇಳೀಬೇಕು, ಮೊಣಕಾಲು ಥರ ಥರ ನಡಗತಾವು. ಕೆಳಗ ಇಳದು ಕುಂತು ಮ್ಯಾಲ ನೋಡಿದ್ರ, ಅಷ್ಟೇ ಕಡದು ಏರು ಮುಂದ ನಿಂತಿರತೈತಿ. ಹತ್ತು ಮೆಟ್ಟಲಾ ಹತ್ತಿ ನಿಲ್ಲೂದು, "ಮಲ್ಲಯ್ಯಾ" ಅನ್ನೂದು, ಮತ್ತ ಹತ್ತು. ಹೊತ್ತು ಹನ್ನೊಂದು ದಾಟಿತ್ತು, ಕಲ್ಲು ಕಾದ ಹಂಚಿನಂಗ ಆಗಿದ್ವು. ಅರ್ಧಕ್ಕ ಬಂದಿದ್ವಿ, ನೆಗೆಣ್ಣಿ ಕುಸದು ಕುಂತ್ಲು. ಎರಡೂ ಮೀನಖಂಡ ಹಿಡದಿದ್ವು, ಬಾಯಿ ಒಣಗಿ ಮಾತು ಬರವಲ್ದು. ತನ್ನ ಚೀಲ, ಮ್ಯಾಲ ಉಡಿ ಗಂಟು, ಎರಡೂ ಹೊತ್ತಿದ್ಲು. ನನ್ನ ಕೈಯಾಗ ಕೊಡಾಕ ಮನಸಿಲ್ಲ, ಆಯಿಗೆ ಕೊಡಾಕ ನಾಚಿಕಿ.

ಆಯಿ ಆಕಿ ಕಾಲು ತಿಕ್ಕಿದ್ಲು, ನಾ ಲಿಂಬಿಹಣ್ಣು ಹಿಂಡಿ ಉಪ್ಪು ಸಕ್ಕರಿ ಹಾಕಿ ಗುಟುಕು ಗುಟುಕು ಕುಡಿಸಿದೆ. ಅರ್ಧಾ ತಾಸು ಒಂದು ಬಂಡಿಗಲ್ಲಿನ ನೆರಳಿಗೆ ಮಲಗಿಸಿದ್ವಿ. ಹಾದು ಹೋಗೋ ಮಂದಿ ನಿಂತು ನಿಂತು ನೀರು ಕೊಟ್ರು. ಕಂಬಿ ಹೊತ್ತ ಒಬ್ಬ ಹುಡುಗ ತನ್ನ ಟಾವೆಲ್ ನೆನೆಸಿ ಆಕಿ ತಲಿ ಮ್ಯಾಲ ಹಾಕಿ ಹೆಸರೂ ಹೇಳಲಾರದ ಹೋದ. ಎದ್ದು ನಿಂತ ಮ್ಯಾಲ ಆಕೀನೇ ಗಂಟು ಬಿಚ್ಚಿ ನನ್ನ ಮುಂದ ಹಿಡದ್ಲು. "ಅಕ್ಕಾ, ನನಗ ಆಗೂದಿಲ್ರಿ. ನೀವ ತಗೋರಿ." ನಾ ಆಕಿ ಮಾರಿ ನೋಡಿದೆ. "ತಗೋರೀ" ಅಂತ ಸಿಟ್ಟೀಲೆ ಅಂದ್ಲು. ನನ್ನ ಬೆನ್ನಿಗೆ ಉಡಿ ಗಂಟು, ಎದಿಗೆ ಆಕಿ ಚೀಲ, ಒಂದು ಕೈಯಾಗ ಆಕಿ ಕೈ. ಕೈಲಾಸ ದ್ವಾರ ಮುಟ್ಟಿದಾಗ ಮಧ್ಯಾಹ್ನ ಒಂದೂವರಿ. ಇಬ್ಬರೂ ಮಾತಾಡಲಿಲ್ಲ, ಕಲ್ಲಿಗೆ ಹಣಿ ಹಚ್ಚಿ ಕುಂತ್ವಿ.

ಶ್ರೀಶೈಲದ ಬಗ್ಗೆ ನಾ ಹೆಚ್ಚು ಬರಿಯೂದಿಲ್ಲ, ನೀವೆಲ್ಲಾ ಬಸ್ಸಿನ್ಯಾಗ ಹೋಗಿ ನೋಡೀರಿ. ಪಾತಾಳಗಂಗಿ ಸ್ನಾನಾ ಮಾಡಿದ್ವಿ, ರಾತ್ರಿ ಒಂದು ವಸತ್ಯಾಗ ನೆಲದ ಮ್ಯಾಲ ಮಲಗಿದ್ವಿ. ಮರುದಿನ ಪಾಳಿ ಹಚ್ಚುಮುಂದ ನನ್ನ ಕಾಲು ಹಿಂದ ಸರದ್ವು. ನೆಗೆಣ್ಣಿಗೆ, "ನೀ ಹೋಗಿ ತುಂಬಿ ಬಾ, ನಾ ಇಲ್ಲೇ ಚೀಲಾ ಕಾಯ್ಕೊಂಡು ಕುಂದ್ರತೀನಿ" ಅಂದೆ. ಆಕಿ, "ಕೊಳ್ಳದಾಗ ನೀವು ಹೊತ್ತಾಗ ಆಕಿಗೆ ನಡೀತು, ಗುಡ್ಯಾಗ ನಡಿಯೂದಿಲ್ಲೇನು? ನಡೀರಿ" ಅಂದ್ಲು. ಹಿಂದಿನ ದಿವಸ ಗಂಟು ಕಸ್ಕೊಂಡಾಕೀನೇ ಇದನ್ನ ಅಂದಿದ್ದು.

ಮಲ್ಲಯ್ಯನ ದರ್ಶನ ಮಾಡಿ, ಹಿಂದಿನ ಮೆಟ್ಟಲಾ ಹತ್ತಿ ಭ್ರಮರಾಂಬಾ ಕಡೆ ಹೋದ್ವಿ. ಕೈ ನಡಗತಿದ್ವು, ಭಕ್ತೀಲೆ ಅಂತ ಹೇಳಿದ್ರ ಸುಳ್ಳಾಗತೈತಿ, ಅಂಜಿಕೀಲೆ. ಸೀರಿ ಮ್ಯಾಲ ಖಣ, ಖಣದ ಮ್ಯಾಲ ಕೊಬ್ಬರಿ, ಅತ್ತಿ ಹೆಸರು ಹೇಳಿ ಕೊಟ್ಟೆ. ನೂಕ್ಯಾಟದಾಗ ಎರಡು ನಿಮಿಷಾನೂ ನಿಲ್ಲಗೊಡಲಿಲ್ಲ. ಹೊರಗ ಬಂದು ಕಟ್ಟಿ ಮ್ಯಾಲ ಕುಂತಾಗ ಹೊಟ್ಟಿ ಹಸದಿತ್ತು, ಉಳದ ಶೇಂಗಾ ಉಂಡಿ ಇಬ್ಬರೂ ತಿಂದ್ವಿ.

ಮನಿಗೆ ಬಂದು ಮೂರು ದಿವಸ ಅತ್ತಿಗೆ ಹೇಳಲಿಲ್ಲ. ಆಕಿ ಓಣ್ಯಾಗ ಎಲ್ಲಾರಿಗೂ ಪ್ರಸಾದ ಹಂಚಿ, "ನನ್ನ ಹರಕಿ ಮುಟ್ಟಿತು" ಅಂತ ಹೇಳಿಕೋತ ಅಡ್ಡಾಡಿದ್ದು ನೋಡಿ ನನಗ ಅನ್ನ ಇಳೀಲಿಲ್ಲ. ನಾಕನೇ ದಿವಸ ಆಕಿ ಪಡಸಾಲ್ಯಾಗ ಅಕ್ಕಿ ಹಸನು ಮಾಡತಿದ್ಲು, ಬಾಜೂಕ ಕುಂತು ಎಲ್ಲಾ ಹೇಳಿದೆ. ಪೆದ್ದಚೆರುವು, ಗಂಟು ಕೊಟ್ಟಿದ್ದು, ಕೊಳ್ಳ, ಗುಡಿ, ಒಂದೂ ಬಿಡಲಿಲ್ಲ. ಆಕಿ ಮರಾ ಕೇರೂದು ನಿಲ್ಲಿಸಲಿಲ್ಲ. ಮುಗದ ಮ್ಯಾಲ ಎದ್ದು ಒಳಗ ಹೋದ್ಲು. ಶ್ರೀಶೈಲದಿಂದ ತಂದ ವಿಭೂತಿ ಗಟ್ಟಿ ದೇವರ ಜಗಲಿ ಮ್ಯಾಲ ಇತ್ತು, ಅದನ್ನ ತಗದು ಕಪಾಟಿನ್ಯಾಗ ಇಟ್ಲು. ಆವತ್ತು ರಾತ್ರಿ ನಾ ಮಲಗಲಿಲ್ಲ. ನಮ್ಮ ಮನಿಯವರು "ಹೇಳೂದು ಯಾಕ ಬೇಕಿತ್ತು" ಅಂದ್ರು. ಅವರಿಗೆ ತಿಳಿಯೂದಿಲ್ಲ ಬಿಡ್ರಿ.

ಹನ್ನೊಂದು ದಿವಸ ಆ ವಿಭೂತಿ ಕಪಾಟಿನ್ಯಾಗೇ ಇತ್ತು. ಆಕಿ ಮಾತು ಬಿಟ್ಟಿರಲಿಲ್ಲ. ಚಾ ಕೊಟ್ರ ಕುಡೀತಿದ್ಲು, ಔಷಧ ಕೇಳಿದ್ರ ಹೇಳತಿದ್ಲು, ಅಷ್ಟ. ಒಂದು ಸೋಮವಾರ ನಾ ಅಂಗಳಾ ಸಾರಿಸಿ ಒಳಗ ಬಂದೆ, ಅತ್ತಿ ಲಿಂಗಪೂಜಿಗೆ ಕುಂತಿದ್ಲು. ಹಣೀಗೆ ಹೊಸಾ ವಿಭೂತಿ. ಶ್ರೀಶೈಲದ ಗಟ್ಟಿ ಆಕಿ ತೊಡಿ ಮುಂದ ಇತ್ತು, ಒಂದು ಮೂಲಿ ಸವದಿತ್ತು. ನಾ ಬಾಗಲದಾಗೇ ನಿಂತೆ. ಆಕಿ ಕಣ್ಣು ತಗೀಲಿಲ್ಲ.

"ಮುಂದಿನ ವರ್ಷ ಸಣ್ಣ ಸೊಸಿ ಮತ್ತ ಹೋಗತೀನಿ ಅನ್ನಾಕತ್ತಾಳ" ಅಂದ್ಲು. "ನೀನೂ ಜೋಡಿ ಹೋಗು. ಆಕಿಗೆ ಒಬ್ಬಾಕಿಗೆ ಗಂಟು ಹೊರಾಕ ಆಗೂದಿಲ್ಲ."